ಬಾಬಾಗಾಡಿಯೋ, ಬಟ್ಟೆಯ ಜೋಳಿಗೆಯೋ?

ಗಡಿಭಾಗದ ನಮ್ಮ ಹಳ್ಳಿಗಳಲ್ಲಿ ಈಚೆಗೆ ಒಂದು ಹೊಸ ವಸ್ತು ಕಾಣಬರುತ್ತಿದೆ. ಪುಣೆಯಲ್ಲಿಯೋ ಸೊಲ್ಲಾಪುರದಲ್ಲಿಯೋ ಉದ್ಯೋಗದಲ್ಲಿರುವ ಮಗನು ತನ್ನ ಚೊಚ್ಚಲ ಕೂಸಿಗೆಂದು ಕೊಂಡು ತರುವ, ಬಟ್ಟೆಯ ಚಾವಣಿಯುಳ್ಳ ನಾಲ್ಕು ಗಾಲಿಯ ತಳ್ಳುಗಾಡಿ ಅದು. ಮರಾಠಿಯ ಸಹವಾಸದಿಂದ ನಾವೆಲ್ಲ ಅದನ್ನು ಬಾಬಾಗಾಡಿ ಎಂದೇ ಕರೆಯುತ್ತೇವೆ. ಹೆಸರಿಡುವ ದಿನ ಅದು ಬಂದವರೆಲ್ಲರ ಕಣ್ಣಿಗೆ ಬೀಳುವಂತೆ ಅಂಗಳದಲ್ಲಿ ನಿಂತಿರುತ್ತದೆ. ಆರು ತಿಂಗಳು ಕಳೆದು ಅದೇ ಮನೆಗೆ ಹೋದರೆ, ಗಾಡಿಯು ಪಡಸಾಲೆಯ ಮೂಲೆಯಲ್ಲಿ ಶೇಂಗಾದ ಚೀಲವನ್ನೋ ಒಗೆಯಬೇಕಾದ ಕೌದಿಗಳನ್ನೋ ಹೊತ್ತು ನಿಂತಿರುತ್ತದೆ. ಜತ್ತ ತಾಲೂಕಿನ ಕಲ್ಲುಹಾದಿಗಳಲ್ಲಿ, ಮಳೆ ಬಂದರೆ ಕಾಲು ಹೂಳುವ ಎರೆಮಣ್ಣಿನಲ್ಲಿ, ಎತ್ತರದ ಹೊಸ್ತಿಲುಗಳನ್ನು ದಾಟಿ ಅದು ಉರುಳುವುದಾದರೂ ಹೇಗೆ?

ಗಾಡಿ ಮೂಲೆ ಸೇರಿದರೆ ನಷ್ಟವಾಗುವುದು ಹಣ ಮಾತ್ರ. ನಮ್ಮನ್ನು ಯೋಚನೆಗೆ ಹಚ್ಚಿರುವುದು ಗಾಡಿ ಬಂದ ದಿನವೇ ಪೆಟ್ಟಿಗೆಯ ತಳ ಸೇರುವ ಬಟ್ಟೆ. ನಮ್ಮ ತಾಯಂದಿರು ಹಳೆಯ ಸೀರೆಯನ್ನು ಮಡಿಚಿ, ಒಂದು ಹೆಗಲ ಮೇಲಿಂದ ಇಳಿಬಿಟ್ಟು, ಇನ್ನೊಂದು ಬಗಲ ಕೆಳಗೆ ತಂದು ಗಂಟು ಹಾಕಿ, ಅದರೊಳಗೆ ಕೂಸನ್ನು ಕೂಡಿಸಿಕೊಂಡು ಹೊಲಕ್ಕೂ ಸಂತೆಗೂ ಹೋಗುತ್ತಿದ್ದರು. ತೊಲೆಗೆ ಕಟ್ಟಿ ತೂಗುವ ಬಟ್ಟೆಗೂ, ಮೈಗೆ ಕಟ್ಟಿಕೊಳ್ಳುವ ಈ ಬಟ್ಟೆಗೂ ನಮ್ಮಲ್ಲಿ ಜೋಳಿಗೆಯೆಂಬ ಒಂದೇ ಹೆಸರು. ಇಂದಿನ ಸೊಸೆಯಂದಿರಿಗೆ ಅದು ನಾಚಿಕೆಯ ವಸ್ತುವಾಗಿದೆ. ನಮ್ಮ ಶಾಲೆಯಲ್ಲಿಯೇ ಕಲಿತ ಒಬ್ಬ ತರುಣಿಯು ತನ್ನ ಅತ್ತೆಗೆ ಹೇಳಿದ ಮಾತು ನಮ್ಮ ಕಿವಿಗೂ ಬಿದ್ದಿತು: “ಜೋಳಿಗ್ಯಾಗ ಕೂಸಿನ ಕಟಗೊಂಡು ಹೊಂಟ್ರ ಕಬ್ಬ ಕಡಿಯಾಕ ಹೊಂಟೋರಂಗ ಕಾಣತೈತ್ರಿ ಅತ್ತಿ.” ಅತ್ತೆ ತಣ್ಣಗೆ ಉತ್ತರಿಸಿದಳು: “ಕಬ್ಬ ಕಡದ ನಿನ್ನ ಗಂಡಗ ಸಾಲಿ ಕಲಿಸೀನವ್ವಾ.”

ಆ ಉತ್ತರದಲ್ಲಿ ಈ ಸೀಮೆಯ ಇತಿಹಾಸವೇ ಇದೆ. ಮಳೆ ಕಡಿಮೆಯಾದ ಜತ್ತ ಸೀಮೆಯಿಂದ ದೀಪಾವಳಿಯ ಸುಮಾರಿಗೆ ಸಕ್ಕರೆ ಕಾರ್ಖಾನೆಗಳ ಕಡೆಗೆ ಸಂಸಾರಸಮೇತ ಹೊರಡುವವರು ಇಂದಿಗೂ ಇದ್ದಾರೆ. ಬಡತನವು ಆ ಬಟ್ಟೆಯ ಜೊತೆಗಿದ್ದುದು ನಿಜ. ಆದರೆ ಬಡವರು ಬಳಸಿದರೆಂಬ ಕಾರಣಕ್ಕೆ ವಸ್ತುವೇ ಕೀಳಾಗುವುದೆಂದರೆ ಜೋಳದ ರೊಟ್ಟಿಯನ್ನೂ ನಾವು ಬಿಡಬೇಕಾದೀತು. ಶ್ರೀನಿವಾಸ ಕಲ್ಯಾಣದ ಕಥೆಯನ್ನು ಕೇಳಿದವರಿಗೆ ನೆನಪಿರಬಹುದು: ಆಕಾಶರಾಜನ ಪಟ್ಟಣಕ್ಕೆ ಕಣಿ ಹೇಳಲು ಹೊರಟ ಸ್ವಾಮಿಯು ಕೊರವಂಜಿಯ ವೇಷ ಧರಿಸಿ, ಬ್ರಹ್ಮನನ್ನೇ ಎಳೆಗೂಸನ್ನಾಗಿ ಮಾಡಿ ಮೈಗೆ ಕಟ್ಟಿಕೊಂಡನಂತೆ. ತಿರುಗಾಡಿ ದುಡಿಯುವ ಹೆಣ್ಣಿನ ಗುರುತೆಂದರೆ ಬಗಲ ಬುಟ್ಟಿ ಮತ್ತು ಬಟ್ಟೆಯೊಳಗಿನ ಕೂಸು ಎಂದು ಕಥೆಗಾರರಿಗೆ ತಿಳಿದಿತ್ತು.

ಇನ್ನು ಗಾಡಿಯ ವಂಶಾವಳಿಯನ್ನು ನೋಡೋಣ. ೧೭೩೩ರ ಸುಮಾರಿಗೆ ಇಂಗ್ಲೆಂಡಿನಲ್ಲಿ ವಿಲಿಯಂ ಕೆಂಟ್ ಎಂಬ ಉದ್ಯಾನಶಿಲ್ಪಿಯು ಡೆವನ್‌ಶೈರಿನ ಡ್ಯೂಕನ ಮಕ್ಕಳ ವಿನೋದಕ್ಕಾಗಿ ಚಿಪ್ಪಿನಾಕಾರದ ಒಂದು ಪುಟ್ಟ ಬಂಡಿಯನ್ನು ರಚಿಸಿದನು. ಅದನ್ನು ಎಳೆಯಬೇಕಾದುದು ಆಡು ಅಥವಾ ಗಿಡ್ಡ ಕುದುರೆ. ಹಿಂದಿನಿಂದ ತಳ್ಳುವ ಗಾಡಿಗಳು ಲಂಡನ್ನಿನಲ್ಲಿ ಬಳಕೆಗೆ ಬಂದುದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ. ಮಡಿಚಿ ಕೈಯಲ್ಲಿ ಹಿಡಿಯಬಹುದಾದ ಅಲ್ಯೂಮಿನಿಯಂ ಗಾಡಿಯನ್ನು ೧೯೬೫ರಲ್ಲಿ ರೂಪಿಸಿದವರು ಓವನ್ ಮೆಕ್ಲಾರನ್. ಯುದ್ಧವಿಮಾನದ ಕೆಳಗಾಲಿಗಳ ವಿನ್ಯಾಸದಲ್ಲಿ ದುಡಿದಿದ್ದ ಇಂಜಿನಿಯರು. ಒಳ್ಳೆಯ ಯಂತ್ರವೇ ಸರಿ. ಆದರೆ ಉದ್ಯಾನದ ಹಾದಿಗೂ ಕಲ್ಲು ಹಾಸಿದ ಪಾದಪಥಕ್ಕೂ ಹುಟ್ಟಿದ ವಸ್ತುವದು.

ಅದೇ ಕಾಲದಲ್ಲಿ ಇನ್ನೊಂದು ಸಂಗತಿ ನಡೆಯಿತು. ಆನ್ ಮೂರ್ ಎಂಬ ಅಮೆರಿಕದ ದಾದಿಯು ೧೯೬೦ರ ದಶಕದ ಆರಂಭದಲ್ಲಿ ಪಶ್ಚಿಮ ಆಫ್ರಿಕದ ಟೋಗೋ ದೇಶಕ್ಕೆ ಸೇವೆಗಾಗಿ ಹೋಗಿದ್ದಳು. ಅಲ್ಲಿಯ ತಾಯಂದಿರು ಕೂಸುಗಳನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡಿರುವುದನ್ನೂ, ಆ ಕೂಸುಗಳು ಶಾಂತವಾಗಿರುವುದನ್ನೂ ಕಂಡಳು. ಊರಿಗೆ ಮರಳಿ ತನಗೆ ಮಗುವಾದಾಗ, ತಾಯಿಯ ನೆರವಿನಿಂದ ಅಂತಹುದೇ ಒಂದು ಚೀಲವನ್ನು ಹೊಲಿಸಿಕೊಂಡಳು. ೧೯೬೯ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಇಂದು ನಗರದ ಅಂಗಡಿಗಳಲ್ಲಿ ಬೇಬಿ ಕ್ಯಾರಿಯರ್ ಎಂದು ಮಾರುವ ಪಟ್ಟಿಬಕ್ಕಲುಗಳ ಚೀಲಕ್ಕೆ ಅದು ಹಿರಿಯಕ್ಕ. ಹೀಗೆ ಟೋಗೋದ ರೈತಹೆಣ್ಣಿನ ಬಟ್ಟೆಯು ಅಮೆರಿಕಕ್ಕೆ ಹೋಗಿ, ಬೆಲೆಯ ಚೀಟಿ ಅಂಟಿಸಿಕೊಂಡು ಪುಣೆಗೆ ಬಂದಿದೆ. ನಮ್ಮ ಸೊಸೆಯಂದಿರು ಅದನ್ನು ಮಾತ್ರ ನಾಚಿಕೆಯಿಲ್ಲದೆ ತೊಡುತ್ತಾರೆ.

ಮೈಗೆ ಕಟ್ಟಿಕೊಂಡರೆ ಕೂಸಿಗೆ ಆಗುವ ಲಾಭವೇನು? ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹುಂಝಿಕರ್ ಮತ್ತು ಬಾರ್ ಎಂಬ ವೈದ್ಯರು ೯೯ ಮಂದಿ ತಾಯಂದಿರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿ, ೧೯೮೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಿನಕ್ಕೆ ಕನಿಷ್ಠ ಮೂರು ತಾಸು ಕೂಸನ್ನು ಎತ್ತಿಕೊಂಡಿರಲು ಒಂದು ಗುಂಪಿಗೆ ಹೇಳಲಾಗಿತ್ತು, ಅತ್ತಾಗ ಮಾತ್ರವಲ್ಲ, ಸುಮ್ಮನಿದ್ದಾಗಲೂ. ಆರನೆಯ ವಾರದಲ್ಲಿ ಈ ಗುಂಪಿನ ಕೂಸುಗಳ ಅಳು ಇತರರಿಗಿಂತ ನೂರಕ್ಕೆ ೪೩ರಷ್ಟು ಕಡಿಮೆಯಿತ್ತು. ಮೊದಲೇ ವಿಪರೀತವಾಗಿ ಅಳುವ ಕೂಸುಗಳಲ್ಲಿ ಇದೇ ಪ್ರಯೋಗವು ಮುಂದೆ ಅಷ್ಟು ಫಲ ಕೊಡಲಿಲ್ಲವೆಂಬುದನ್ನೂ ಹೇಳಬೇಕು. “ಎತ್ತಿ ಎತ್ತಿ ಚಟ ಹಚ್ಚಬ್ಯಾಡ” ಎಂದು ಬಾಣಂತಿಯನ್ನು ಗದರಿಸುವ ಹಿರಿಯರು ಈ ಸಂಗತಿಯನ್ನು ಗಮನಿಸಬೇಕು.

ಇದಕ್ಕಿಂತ ದೊಡ್ಡ ಮಾತು ಹಗುರಾಗಿ ಹುಟ್ಟಿದ ಕೂಸುಗಳದು. ಕೊಲಂಬಿಯ ದೇಶದ ಬೊಗೋಟಾದ ಒಂದು ಹೆರಿಗೆ ಆಸ್ಪತ್ರೆಯಲ್ಲಿ, ಶಾಖಪೆಟ್ಟಿಗೆಗಳು ಸಾಲದೆ ಕೂಸುಗಳು ಸಾಯುತ್ತಿದ್ದಾಗ, ಎಡ್ಗರ್ ರೇ ಎಂಬ ವೈದ್ಯರು ೧೯೭೮ರಲ್ಲಿ ಒಂದು ಉಪಾಯ ಹೂಡಿದರು. ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಯ ಮೇಲೆ ನೆಟ್ಟಗೆ ಇರಿಸಿ ಬಟ್ಟೆಯಿಂದ ಬಿಗಿಯುವುದು. ಕಾಂಗರೂ ಪ್ರಾಣಿಯ ಹೊಟ್ಟೆಯ ಚೀಲದಿಂದ ಅದಕ್ಕೆ ಕಾಂಗರೂ ಆರೈಕೆಯೆಂದು ಹೆಸರಾಯಿತು. ಕೂಸಿನ ಮೈ ತಣ್ಣಗಾಗುವುದಿಲ್ಲ, ಮೊಲೆಹಾಲು ಕೈಗೆಟುಕುವಷ್ಟು ಹತ್ತಿರ, ಉಸಿರಾಟದ ಏರುಪೇರು ತಾಯಿಗೆ ಕೂಡಲೆ ತಿಳಿಯುತ್ತದೆ. ಭಾರತ, ಘಾನಾ, ಮಲಾವಿ, ನೈಜೀರಿಯ ಮತ್ತು ಟಾಂಜಾನಿಯ ದೇಶಗಳ ಆಸ್ಪತ್ರೆಗಳಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಕಿಲೋದಿಂದ ೧.೮ ಕಿಲೋದೊಳಗಿನ ಕೂಸುಗಳಿಗೆ ಹುಟ್ಟಿದ ಕೂಡಲೆ ಈ ಆರೈಕೆಯನ್ನು ಆರಂಭಿಸಿದಾಗ, ಮೊದಲ ೨೮ ದಿನಗಳ ಸಾವುಗಳು ನೂರಕ್ಕೆ ೨೫ರಷ್ಟು ಇಳಿದವು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನೇ ಎಲ್ಲ ದೇಶಗಳಿಗೂ ಸೂಚಿಸಿತು. ಗಡಿಯಾಚೆಯ ಕೊಪ್ಪಳ ಜಿಲ್ಲೆಯಲ್ಲಿ ಈ ಪದ್ಧತಿಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಕಾರ್ಯ ನಡೆದು ಒಳ್ಳೆಯ ಫಲ ನೀಡಿದೆ. ನಮ್ಮ ಕಡೆಯ ಬಾಣಂತಿಯರು ಕೂಸಿನ ತೂಕ ಎರಡೂವರೆ ಕಿಲೋಕ್ಕಿಂತ ಕಡಿಮೆಯೆಂದು ತಿಳಿದೊಡನೆ ಆಶಾತಾಯಿಯನ್ನೋ ದಾದಿಯನ್ನೋ ಈ ಆರೈಕೆಯ ಬಗ್ಗೆ ಕೇಳಲು ಸಂಕೋಚಪಡಬಾರದು. ತಾಯಿಗೆ ಸುಸ್ತಾದಾಗ ತಂದೆಯ ಎದೆಯೂ ಆಗುತ್ತದೆ.

ಆದರೆ ಬಟ್ಟೆ ಕಟ್ಟುವುದಕ್ಕೂ ವಿದ್ಯೆ ಬೇಕು. ಹಳಬರಿಗೆ ಅದು ನೋಡಿ ಬಂದಿತ್ತು. ನಡುವೆ ಒಂದು ತಲೆಮಾರು ಬಿಟ್ಟಿದ್ದರಿಂದ ಈಗ ಹೇಳಿಕೊಡಬೇಕಾಗಿದೆ. ಬಟ್ಟೆ ಹತ್ತಿಯದಾಗಿರಬೇಕು, ನೈಲಾನಿನ ಗಂಟು ಜಾರುತ್ತದೆ. ಹಳೆಯ ಸೀರೆಯಾದರೆ ಬಿಸಿಲಿಗೆ ಹಿಡಿದು ನೋಡಬೇಕು. ಬೆಳಕು ಹೆಚ್ಚಾಗಿ ತೂರಿಬಂದಲ್ಲಿ ನೂಲು ಸವೆದಿದೆಯೆಂದು ಅರ್ಥ. ಗಂಟು ಇಮ್ಮಡಿಯಾಗಿರಬೇಕು, ಎಳೆದು ಪರೀಕ್ಷಿಸಿದ ಮೇಲೆಯೇ ಕೂಸನ್ನು ಒಳಗಿಡಬೇಕು. ಮೊದಲ ಸಲ ಕಟ್ಟುವವರು ನೆಲದ ಮೇಲೆ ಕೌದಿ ಹಾಸಿ ಕುಳಿತು ಕಟ್ಟಿಕೊಳ್ಳುವುದು ಲೇಸು.

ನಮ್ಮೂರಿನ ಸೂಲಗಿತ್ತಿಯಾಗಿದ್ದ ಒಬ್ಬ ಅಜ್ಜಿಯ ಮಾತು ಇಲ್ಲಿ ಉಪಯುಕ್ತವಾಗಿದೆ: “ಮಾಸ್ತರ, ಕೂಸಿನ ನೆತ್ತಿಗಿ ಮುದ್ದ ಕೊಡಾಕ ಬರಬೇಕ್ರಿ. ಬಗ್ಗಿ ಕೊಡಬೇಕಾತಂದ್ರ ತೆಳಗ ಕಟ್ಟ್ಯಾಳಂತ ತಿಳೀರಿ.” ಇಂದಿನ ವೈದ್ಯರೂ ಇದನ್ನೇ ಹೇಳುತ್ತಾರೆ. ಕೂಸಿನ ಮುಖ ಸದಾ ಕಾಣುತ್ತಿರಬೇಕು, ಸೆರಗು ಅದನ್ನು ಮುಚ್ಚಬಾರದು. ಗದ್ದವು ಎದೆಗೆ ಒತ್ತಿಕೊಳ್ಳದೆ ನಡುವೆ ಎರಡು ಬೆರಳು ಹಿಡಿಯುವಷ್ಟು ತೆರಪಿರಬೇಕು. ಎಳೆಗೂಸಿನ ಕೊರಳಿಗೆ ಬಲವಿಲ್ಲ. ಸಡಿಲವಾದ ಬಟ್ಟೆಯಲ್ಲಿ ಬಿಲ್ಲಿನಂತೆ ಬಾಗಿ ಗದ್ದ ಒತ್ತಿದರೆ, ಸದ್ದಿಲ್ಲದೆ ಉಸಿರು ಕಟ್ಟುತ್ತದೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವು ೨೦೧೦ರಲ್ಲಿ, ಹಿಂದಿನ ೨೦ ವರ್ಷಗಳಲ್ಲಿ ಇಂತಹ ಜೋಳಿಗೆಗಳಿಗೆ ಸಂಬಂಧಿಸಿದ ೧೪ ಸಾವುಗಳನ್ನು ಎತ್ತಿ ತೋರಿಸಿ, ನಾಲ್ಕು ತಿಂಗಳೊಳಗಿನ ಕೂಸುಗಳ ಬಗ್ಗೆ ವಿಶೇಷ ಎಚ್ಚರಿಕೆ ನೀಡಿತು. ನೆಗಡಿಯಾದ ಕೂಸು, ದಿನ ತುಂಬದೆ ಹುಟ್ಟಿದ ಕೂಸು ಇದ್ದವರು ವೈದ್ಯರನ್ನು ಕೇಳಿಯೇ ಕಟ್ಟಿಕೊಳ್ಳಬೇಕು. ಮೊದಲ ತಿಂಗಳುಗಳಲ್ಲಿ ಎದೆಯ ಮೇಲೆ ನೆಟ್ಟಗೆ. ಕೊರಳು ನಿಂತ ಮೇಲೆ ಟೊಂಕದ ಮೇಲೆ. ಕೂಡಲು ಕಲಿತ ಮೇಲೆ ಬೆನ್ನಿನ ಮೇಲೆ.

ಕಾಲುಗಳ ಮಾತೂ ಇದೆ. ಬಟ್ಟೆಯು ಒಂದು ಮೊಣಕಾಲಿನಿಂದ ಇನ್ನೊಂದರವರೆಗೆ ತೊಡೆಗಳಿಗೆ ಆಧಾರ ಕೊಟ್ಟು, ಮೊಣಕಾಲುಗಳು ಕುಂಡೆಗಿಂತ ಕೊಂಚ ಮೇಲಿರಬೇಕು, ಕಪ್ಪೆ ಕುಳಿತಂತೆ. ಎಳೆಯ ಕಾಲುಗಳನ್ನು ನೀಳವಾಗಿ ಚಾಚಿ ಬಿಗಿಯಾಗಿ ಸುತ್ತಿಡುವ ಪದ್ಧತಿಯನ್ನು ಬಿಡಿಸಲು ಜಪಾನಿನಲ್ಲಿ ೧೯೭೫ರಿಂದ ಪ್ರಚಾರ ಮಾಡಿದ ಮೇಲೆ, ಅಲ್ಲಿ ಸೊಂಟದ ಕೀಲು ತಪ್ಪುವ ಕೂಸುಗಳ ಸಂಖ್ಯೆ ಬಹಳ ಇಳಿಯಿತು.

ಕೂಸನ್ನು ಕಟ್ಟಿಕೊಂಡು ಒಲೆಯ ಮುಂದೆ ರೊಟ್ಟಿ ಬಡಿಯಬಾರದು, ಬಾವಿಗೆ ಬಗ್ಗಬಾರದು, ಕುಡುಗೋಲು ಹಿಡಿಯಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಮೋಟಾರುಸೈಕಲ್ಲು ಹತ್ತಬಾರದು. ಸಂತೆಯ ದಿನ ನಮ್ಮ ಹಾದಿಯಲ್ಲಿ ನಿಂತು ನೋಡಿದರೆ ಎದೆ ನಡುಗುತ್ತದೆ: ತಂದೆ, ನಡುವೆ ಒಬ್ಬ ಮಗ, ಹಿಂದೆ ಒಂದೇ ಬದಿಗೆ ಕಾಲು ಬಿಟ್ಟು ಕುಳಿತ ತಾಯಿ, ಅವಳ ಸೆರಗಿನಲ್ಲಿ ಮೂರು ತಿಂಗಳ ಕೂಸು. ಕೇಂದ್ರ ಸರ್ಕಾರವು ೨೦೨೨ರ ಫೆಬ್ರುವರಿಯಲ್ಲಿ ಪ್ರಕಟಿಸಿ ೨೦೨೩ರಿಂದ ಜಾರಿಗೆ ತಂದ ನಿಯಮದಂತೆ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ, ಚಾಲಕನಿಗೆ ಜೋಡಿಸುವ ಸುರಕ್ಷಾಪಟ್ಟಿಯೂ ಮಗುವಿನ ತಲೆಗೆ ಶಿರಸ್ತ್ರಾಣವೂ ಇರಬೇಕು. ವೇಗವು ತಾಸಿಗೆ ೪೦ ಕಿಲೋಮೀಟರು ಮೀರಬಾರದು. ಜೋಳಿಗೆಯು ಆ ಸುರಕ್ಷಾಪಟ್ಟಿಯಲ್ಲ. ಅದು ನಡೆಯುವವರ ಸಾಧನ. ಒಂಬತ್ತು ತಿಂಗಳೊಳಗಿನ ಕೂಸಿದ್ದರೆ ಎಸ್.ಟಿ. ಬಸ್ಸಿಗೆ ಕಾಯುವುದೇ ಮೇಲು.

ಬಾಬಾಗಾಡಿಯನ್ನು ನಾವು ದ್ವೇಷಿಸುವವರಲ್ಲ. ಅವಳಿ ಕೂಸುಗಳಿದ್ದರೆ, ತಾಯಿಗೆ ಹೆರಿಗೆಯ ಶಸ್ತ್ರಚಿಕಿತ್ಸೆಯ ಗಾಯವಿನ್ನೂ ಮಾಯದಿದ್ದರೆ, ಸೊಂಟನೋವಿನ ಅಜ್ಜಿಯೇ ಕೂಸನ್ನು ನೋಡಿಕೊಳ್ಳಬೇಕಾದರೆ, ಹಾದಿ ಸಮನಾಗಿದ್ದರೆ, ಗಾಡಿಯಿಂದ ಉಪಕಾರವಿದೆ. ನಗರವಾಸಿಗಳಿಗೆ ಒಂದು ಮಾತು: ಗಾಡಿಯಲ್ಲಿ ಮಲಗಿದ ಕೂಸಿನ ಮೂಗು ವಾಹನಗಳ ಹೊಗೆ ಹೊರಡುವ ಮಟ್ಟದಲ್ಲಿಯೇ ಇರುತ್ತದೆ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದವರು ೨೦೧೮ರಲ್ಲಿ, ಇಂತಹ ಕೂಸುಗಳು ದೊಡ್ಡವರಿಗಿಂತ ನೂರಕ್ಕೆ ೬೦ರವರೆಗೆ ಹೆಚ್ಚು ಮಲಿನ ಗಾಳಿಗೆ ಒಡ್ಡಿಕೊಳ್ಳಬಹುದೆಂದು ತಿಳಿಸಿದ್ದರು. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಗೋ ಗುಡ್ಡಾಪುರದ ದಾನಮ್ಮನ ಗುಡಿಗೋ ಗಾಡಿ ತಳ್ಳಿಕೊಂಡು ಹೊರಟವರ ಪಾಡನ್ನು ವರ್ಣಿಸಬೇಕಾಗಿಲ್ಲ.

ಶಾಲಾಮಾಸ್ತರರಾಗಿ ನಾವು ಹೇಳಲೇಬೇಕಾದ ಇನ್ನೊಂದು ವಿಷಯವುಂಟು. ಜೋಳಿಗೆಯನ್ನು ಯಾರ ಮೈಗೆ ಕಟ್ಟಬೇಕು? ನಮ್ಮ ಮೂರನೆಯ, ನಾಲ್ಕನೆಯ ಇಯತ್ತೆಯ ಹಾಜರಿ ಪುಸ್ತಕದಲ್ಲಿ ಸುಗ್ಗಿಯ ದಿನಗಳಲ್ಲಿ ಹುಡುಗಿಯರ ಹೆಸರಿನ ಮುಂದೆಯೇ ಗೈರುಹಾಜರಿಯ ಗುರುತುಗಳು ಹೆಚ್ಚು. ಕಾರಣ ಕೇಳಿದರೆ, “ತಮ್ಮನ್ನ ಹಿಡಕೊಂಡ ಕುಂತಾಳ್ರಿ ಸರ್” ಎಂದು ಗೆಳತಿಯರು ಹೇಳುತ್ತಾರೆ. ಎಂಟು ವರ್ಷದ ಹುಡುಗಿಯ ಟೊಂಕಕ್ಕೆ ಎಂಟು ಕಿಲೋದ ಕೂಸನ್ನು ಕಟ್ಟಿದರೆ ಅದು ಅವಳ ಎಲುಬಿಗೂ ಓದಿಗೂ ಹೊರೆ, ಕೂಸಿಗೂ ಅಪಾಯ. ದೊಡ್ಡವರ ಕೈಗಳನ್ನು ಬಿಡುವು ಮಾಡಿಕೊಡುವ ಬಟ್ಟೆಯಿದು, ದೊಡ್ಡವರೇ ಕಟ್ಟಿಕೊಳ್ಳಬೇಕು. ದೊಡ್ಡವರೆಂದರೆ ಹೆಂಗಸರು ಮಾತ್ರವೇ ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಕಳೆದ ಸಂಕ್ರಾಂತಿಯ ತರುವಾಯ ಅಂಗನವಾಡಿಯಲ್ಲಿ ತಾಯಂದಿರ ಸಭೆ ಸೇರಿದ್ದಾಗ, ಮೇಲೆ ಹೇಳಿದ ಅಜ್ಜಿಯೇ ಕಟ್ಟುವ ಕ್ರಮವನ್ನು ತೋರಿಸಿದಳು. ಹೆಂಡತಿಯನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನನ್ನು ಒಳಗೆ ಕರೆದು, ಅವನ ಎದೆಗೇ ಕೂಸನ್ನು ಕಟ್ಟಿದಳು. ಹೆಂಗಸರಿಗೆ ಸಾಕಾಗಿದ್ದ ಸೀರೆ ಅವನ ಹೊಟ್ಟೆಯನ್ನು ಸುತ್ತಿ ಬರುವಷ್ಟರಲ್ಲಿ ಗಂಟಿಗೆ ಗೇಣು ಕಡಿಮೆ ಬಿದ್ದಿತು. ಮನೆಯಿಂದ ಧೋತರ ತರಿಸಿ ಮತ್ತೆ ಕಟ್ಟಬೇಕಾಯಿತು. ಕೂಸು ಅಷ್ಟರಲ್ಲಿ ನಿದ್ದೆ ಹೋಗಿತ್ತು.