ಮಾತು ಕೇಳುವ ರೋಬೋಟ್‌ಗೆ ಕನ್ನಡ ಏಕೆ ಕೇಳಿಸದು?

ಪ್ರಶ್ನೆ: ಮಗುವಿಗೆ ಕೊಡಿಸಿದ ಆಟಿಕೆ ರೋಬೋಟ್ ‘ಗೋ’ ಎಂದರೆ ಓಡುತ್ತದೆ, ‘ಹೋಗು’ ಎಂದರೆ ಕದಲುವುದಿಲ್ಲ. ತಪ್ಪು ಮಗುವಿನ ಉಚ್ಚಾರಣೆಯದೇ?
– ಓದುಗರು, ಗುಂಡ್ಲುಪೇಟೆ

ಉತ್ತರ: ಖಂಡಿತ ಅಲ್ಲ. ಅಗ್ಗದ ಆಟಿಕೆಗೆ ಭಾಷೆಯೇ ತಿಳಿಯದು. ಅದರ ಚಿಪ್‌ನಲ್ಲಿರುವುದು ಬೆರಳೆಣಿಕೆಯ ಇಂಗ್ಲಿಷ್ ಆಜ್ಞೆಗಳ ಧ್ವನಿಮಾದರಿ ಮಾತ್ರ. ಕೇಳಿದ ಸದ್ದು ಅದಕ್ಕೆ ಹೊಂದಿದರೆ ಮೋಟಾರು ತಿರುಗುತ್ತದೆ. ಇಂಥ ಆಟಿಕೆ ಹೊಸದೇನಲ್ಲ: 1920ರ ದಶಕದಲ್ಲಿ ಅಮೆರಿಕದಲ್ಲಿ ‘ರೇಡಿಯೋ ರೆಕ್ಸ್’ ಎಂಬ ನಾಯಿಗೊಂಬೆಯಿತ್ತು. ಹೆಸರು ಕೂಗಿದರೆ ಗೂಡಿನಿಂದ ಜಿಗಿಯುತ್ತಿತ್ತು. ಅದು ಸ್ಪಂದಿಸುತ್ತಿದ್ದುದು ಹೆಸರಿಗಲ್ಲ, ಅದರ ಸ್ವರದಲ್ಲಿನ ಸುಮಾರು 500 ಹರ್ಟ್ಸ್ ಕಂಪನಕ್ಕೆ. ಅದು ಗಂಡಸರ ದನಿಗೆ ಒಪ್ಪುವ ಅಳತೆ. ಮಕ್ಕಳ ಗಂಟಲು ಚಿಕ್ಕದು, ಕಂಪನ ಹೆಚ್ಚು. ಹಾಗಾಗಿ ಆಟಿಕೆ ಯಾರಿಗಾಗಿಯೋ ಅವರಿಗೇ ಅದು ಸರಿಯಾಗಿ ಓಗೊಡುತ್ತಿರಲಿಲ್ಲ. ದೊಡ್ಡವರ ದನಿಯಿಂದ ಕಲಿತ ಯಂತ್ರಗಳಿಗೆ ಇಂದೂ ಅದೇ ತೊಡಕು.

‘ಮಗುವೇ ಇಂಗ್ಲಿಷ್ ಆಜ್ಞೆ ಕಲಿಯಲಿ, ಅದೂ ಲಾಭವೇ’ ಎನ್ನುವವರಿದ್ದಾರೆ. ಹತ್ತು ಪದ ಕೂಗಿದ ಮಾತ್ರಕ್ಕೆ ಭಾಷೆ ಬಂದಂತಾಗದು. ಅಲ್ಲಿ ಸಂಭಾಷಣೆಯೇ ಇಲ್ಲ. ‘ಚಾಮರಾಜನಗರದ ಕನ್ನಡಕ್ಕೆ ಮಾರುಕಟ್ಟೆ ಎಲ್ಲಿದೆ?’ ಎಂಬುದು ಇನ್ನೊಂದು ಆಕ್ಷೇಪ. ಗುಂಡ್ಲುಪೇಟೆಯೂ ಸೇರಿದ ಈ ಜಿಲ್ಲೆಯಲ್ಲಿ ‘ಹೋಗು’ ಎಂಬುದು ‘ಓಗು’ ಆಗುತ್ತದೆ, ‘ಬರ್ತೀನಿ’ ಎಂಬುದು ‘ಬತ್ತೀನಿ’ ಆಗುತ್ತದೆ, ನಿಜ. ಆದರೆ ಹತ್ತಾರು ಆಜ್ಞೆಗಳಿಗೆ ಎರಡೂ ರೂಪ ಸೇರಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಗೂಗಲ್ ನೆರವಿನಿಂದ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಪ್ರಕಟಿಸಿದ ‘ವಾಣಿ’ ಯೋಜನೆಯು ಚಾಮರಾಜನಗರವೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಚಿತ್ರ ತೋರಿಸಿ, ಜನರ ಸಹಜ ಮಾತನ್ನು ದಾಖಲಿಸಿ ಮುಕ್ತವಾಗಿ ಒದಗಿಸಿದೆ. ಕೊರತೆ ಇರುವುದು ತಯಾರಕರ ಆಸಕ್ತಿಯಲ್ಲಿ. ಮುಂದೆ ಕೊಳ್ಳುವಾಗ, ಸ್ವಂತ ದನಿಯಲ್ಲಿ ಆಜ್ಞೆ ರೆಕಾರ್ಡ್ ಮಾಡುವ ಸೌಲಭ್ಯವಿದೆಯೇ ಎಂದು ಅಂಗಡಿಯಲ್ಲೇ ಕೇಳಿ. ಇದ್ದರೆ ಮಗುವೇ ಅದಕ್ಕೆ ‘ಓಗು’ ಕಲಿಸಬಹುದು.