ಮೂಲೆಯಲ್ಲಿಟ್ಟ ಲಿಥಿಯಂ ಬ್ಯಾಟರಿಯೂ ಸವೆಯುತ್ತದೆ

ಬೆನ್ನಿಗೆ ಕಟ್ಟಿಕೊಳ್ಳುವ ಸಿಂಪರಣಾ ಯಂತ್ರ, ಕಳೆ ಕೊಚ್ಚುವ ಯಂತ್ರ, ರೆಂಬೆ ಸವರುವ ಕತ್ತರಿ ಇವೆಲ್ಲ ಈಗ ಲಿಥಿಯಂ ಬ್ಯಾಟರಿಯ ಮೇಲೆ ನಡೆಯತೊಡಗಿವೆ. ಹಗುರ, ಸದ್ದಿಲ್ಲ, ಪೆಟ್ರೋಲಿನ ಗೊಡವೆಯಿಲ್ಲ. ಆದರೆ ಸಂಘದ ಕಚೇರಿಗೆ ಬರುವ ಸದಸ್ಯರ ದೂರು ಒಂದೇ: ಮೊದಲ ವರ್ಷ ಹತ್ತು ಟ್ಯಾಂಕ್ ಹೊಡೆದ ಬ್ಯಾಟರಿ ಮೂರನೆಯ ವರ್ಷ ಆರಕ್ಕೇ ಸುಸ್ತಾಗುತ್ತದೆ. "ವರ್ಷಕ್ಕೆ ಎರಡು ತಿಂಗಳೂ ಉಪಯೋಗಿಸಿಲ್ಲ ಸ್ವಾಮಿ, ಜೋಪಾನವಾಗಿ ಇಟ್ಟಿದ್ದೆ" ಎನ್ನುತ್ತಾರೆ. ತೊಂದರೆ ಇರುವುದು ಆ ಜೋಪಾನದಲ್ಲಿಯೇ.

ನಾವು ಕಾಲೇಜಿನಲ್ಲಿ ಓದಿದ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಈ ಬ್ಯಾಟರಿಯ ಹೆಸರಿರಲಿಲ್ಲ. ಜಪಾನಿನ ಸೋನಿ ಕಂಪನಿ ಇದನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಇದಕ್ಕೆ ಬುನಾದಿ ಹಾಕಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಒಳಗಿನ ವ್ಯವಹಾರ ಸರಳ. ಚಾರ್ಜ್ ಮಾಡುವಾಗ ಲಿಥಿಯಂ ಕಣಗಳು ಧನ ತುದಿಯಿಂದ ಹೊರಟು ಋಣ ತುದಿಯ ಗ್ರಾಫೈಟಿನ ಪದರಗಳೊಳಗೆ ಸೇರುತ್ತವೆ. ಯಂತ್ರ ನಡೆಸುವಾಗ ಹಿಂದಿರುಗುತ್ತವೆ. ಹೀಗೆ ಓಡಾಡುವ ಲಿಥಿಯಂ ಎಷ್ಟಿದೆಯೋ ಅಷ್ಟೇ ಬ್ಯಾಟರಿಯ ತಾಕತ್ತು. ಗ್ರಾಫೈಟಿನ ಮೈಮೇಲೆ ದ್ರಾವಣ ಒಡೆದು ಒಂದು ತೆಳುಪೊರೆ ಕಟ್ಟುತ್ತದೆ, ಅಡಿಕೆ ಬೇಯಿಸುವ ಹಂಡೆಯ ಒಳಮೈಗೆ ಚೊಗರು ಕಟ್ಟಿದ ಹಾಗೆ. ಈ ಪೊರೆ ಸ್ವಲ್ಪ ಬೇಕು, ಅದಿಲ್ಲದಿದ್ದರೆ ಬ್ಯಾಟರಿಯೇ ಉಳಿಯದು. ಆದರೆ ಅದು ದಪ್ಪವಾಗುತ್ತ ಹೋದಷ್ಟೂ ಓಡಾಡಬೇಕಾದ ಲಿಥಿಯಂ ಅದರಲ್ಲಿ ಸಿಕ್ಕಿಬೀಳುತ್ತದೆ, ಮರಳಿ ಬರುವುದಿಲ್ಲ. ಪ್ರತಿ ಸಲ ಚಾರ್ಜ್ ಮಾಡಿದಾಗ ಗ್ರಾಫೈಟ್ ಉಬ್ಬಿ ಪೊರೆ ಬಿರಿಯುತ್ತದೆ, ಬಿರುಕಿನಲ್ಲಿ ಹೊಸ ಪೊರೆ ಬೆಳೆಯುತ್ತದೆ. ಇದು ಕೆಲಸದ ಸವೆತ. ಕೆಲಸವಿಲ್ಲದೆ ಸುಮ್ಮನಿದ್ದಾಗಲೂ ಪೊರೆ ಬೆಳೆಯುತ್ತಲೇ ಇರುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಹೆಚ್ಚು, ಜೊತೆಗೆ ಸೆಕೆಯೂ ಇದ್ದರೆ ಇನ್ನೂ ಹೆಚ್ಚು.

ಸೆಕೆಯ ಮಾತಿಗೆ ಬಾಗಲಕೋಟೆಯ ನವನಗರವನ್ನೇ ತೆಗೆದುಕೊಳ್ಳಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರಿನ ಮನೆಗಳನ್ನು ಕಳೆದುಕೊಂಡವರಿಗಾಗಿ ಕಟ್ಟಿದ ಪಟ್ಟಣವದು. ಅಲ್ಲಿಯ ತೋಟಗಾರಿಕೆ ವಿಶ್ವವಿದ್ಯಾಲಯದ ಮೇಳಕ್ಕೆ ನಮ್ಮವರೂ ಹೋಗಿ ಬರುವುದುಂಟು. ಶಿರಸಿಯ ತೋಟಗಾರಿಕೆ ಕಾಲೇಜು ಅದಕ್ಕೇ ಸೇರಿದ್ದಲ್ಲವೆ? ಬೇಸಿಗೆಯಲ್ಲಿ ಅಲ್ಲಿ ಉಷ್ಣಮಾನ 40 ಡಿಗ್ರಿ ದಾಟುತ್ತದೆ. ಕೋಬಾಲ್ಟ್ ಜಾತಿಯ ಬ್ಯಾಟರಿಗಳ ಬಗ್ಗೆ ಸಾಮಾನ್ಯವಾಗಿ ಕೊಡುವ ಅಂದಾಜು ಹೀಗಿದೆ: ಪೂರ್ತಿ ತುಂಬಿಸಿ 40 ಡಿಗ್ರಿಯಲ್ಲಿ ಒಂದು ವರ್ಷ ಇಟ್ಟರೆ ತಾಕತ್ತಿನ ಸುಮಾರು ಶೇಕಡಾ 35 ಹೋಗುತ್ತದೆ, 25 ಡಿಗ್ರಿಯಲ್ಲಿ ಶೇಕಡಾ 20. ಅದನ್ನೇ ಶೇಕಡಾ 40ರಷ್ಟು ಮಾತ್ರ ತುಂಬಿಸಿ 25 ಡಿಗ್ರಿಯಲ್ಲಿ ಇಟ್ಟರೆ ಹೋಗುವುದು ಶೇಕಡಾ 4 ಮಾತ್ರ.

ಘಟ್ಟದ ತಂಪಿನಲ್ಲಿರುವ ನಾವು ಪುಣ್ಯವಂತರೆಂದು ಬೀಗುವ ಹಾಗಿಲ್ಲ. ತಗಡಿನ ಮಾಡಿನ ಕೆಳಗಿನ ಅಟ್ಟ, ಅಡಿಕೆ ಬೇಯಿಸುವ ಒಲೆಯ ಪಕ್ಕದ ಕೊಟ್ಟಿಗೆ, ಬಿಸಿಲಿಗೆ ನಿಂತ ಜೀಪಿನ ಡಿಕ್ಕಿ, ಇವೆಲ್ಲ ಬೇಸಿಗೆಯ ಮಧ್ಯಾಹ್ನ ನಮ್ಮ ಪಾಲಿಗೆ ನವನಗರವೇ.

ತುಂಬಿಸಿಡುವ ಅಭ್ಯಾಸ ನಮಗೆ ಬಂದದ್ದು ಸೀಸದ ಬ್ಯಾಟರಿಯಿಂದ. ಟ್ರ್ಯಾಕ್ಟರಿನ ಅಥವಾ ಇನ್ವರ್ಟರಿನ ಬ್ಯಾಟರಿಯನ್ನು ಖಾಲಿ ಬಿಟ್ಟರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂಡುತ್ತದೆ. ಆದ್ದರಿಂದ ಅದು ಸದಾ ತುಂಬಿರಲೇಬೇಕು. ಲಿಥಿಯಂ ಬ್ಯಾಟರಿಗೆ ಆ ನಿಯಮ ಸಲ್ಲದು. ಹಂಗಾಮು ಮುಗಿದ ಮೇಲೆ ಅರ್ಧದಷ್ಟು ಚಾರ್ಜ್ ಉಳಿಸಿ, ಯಂತ್ರದಿಂದ ಬಿಚ್ಚಿ, ಮನೆಯೊಳಗಿನ ತಂಪಾದ ಒಣ ಕೋಣೆಯಲ್ಲಿಡಿ. ಎರಡು ಮೂರು ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತನ್ನಿ. ಕೆಲಸದ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸಿದರೆ ಸಾಕು. ಸಿಂಪರಣೆ ಮುಗಿಸಿ ಬಂದ ಬಿಸಿ ಬ್ಯಾಟರಿಯನ್ನು ಆರಲು ಬಿಟ್ಟು ಆಮೇಲೆ ಚಾರ್ಜಿಗೆ ಹಾಕಿ. ಬೋರ್ಡೋ ದ್ರಾವಣದ ಹನಿ ಬಿದ್ದಿದ್ದರೆ ತುದಿಗಳನ್ನು ಒರೆಸಿಡಿ, ಮೈಲುತುತ್ತ ಲೋಹವನ್ನು ತಿನ್ನುತ್ತದೆ.

ಪೂರ್ತಿ ಬರಿದು ಮಾಡಿ ಮೂಲೆಗಿಡುವುದು ಇನ್ನೊಂದು ಅನಾಹುತ. ತಿಂಗಳುಗಟ್ಟಲೆ ಇಳಿಯುತ್ತ ಹೋದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥದ್ದನ್ನು ಹೇಗೋ ಎಬ್ಬಿಸಿ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. ಪೇಟೆಯ ರಿಪೇರಿಯವರ ಸಾಹಸ ಇಲ್ಲಿ ಬೇಡ.

ಕೊಳ್ಳುವಾಗ ಚೀಟಿಯ ಮೇಲಿನ ವೋಲ್ಟೇಜ್ ಓದಿ. 12.8 ಎಂದಿದ್ದರೆ 3.2 ವೋಲ್ಟಿನ ನಾಲ್ಕು ಸೆಲ್, ಅಂದರೆ ಕಬ್ಬಿಣದ ಫಾಸ್ಫೇಟ್ ಜಾತಿ. 11.1 ಎಂದಿದ್ದರೆ 3.7ರ ಮೂರು ಸೆಲ್. ಅದು ಹೆಚ್ಚಾಗಿ ನಿಕಲ್ ಅಥವಾ ಕೋಬಾಲ್ಟ್ ಬೆರೆತದ್ದು. ಮೊದಲನೆಯದು ತೂಕ ಜಾಸ್ತಿ, ಬಾಳಿಕೆಯೂ ಜಾಸ್ತಿ, ಸೆಕೆಯನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಬೆನ್ನಿಗೆ ಸ್ವಲ್ಪ ಭಾರವಾದರೂ ನನ್ನ ಮತ ಅದಕ್ಕೇ.

ಹೊಸದರ ಶೇಕಡಾ 80ಕ್ಕೆ ಇಳಿದಾಗ ಬ್ಯಾಟರಿಯ ಆಯುಷ್ಯ ಮುಗಿಯಿತೆಂದು ಲೆಕ್ಕ ಹಾಕುವುದು ವಾಡಿಕೆ. ಅಲ್ಲಿಂದ ಮುಂದೆಯೂ ಮನೆ ಹತ್ತಿರದ ಸಣ್ಣ ಕೆಲಸಕ್ಕೆ ಅದು ಸಾಕು. ಊದಿಕೊಂಡದ್ದನ್ನು ಮಾತ್ರ ಚುಚ್ಚಬೇಡಿ, ಗೊಬ್ಬರದ ಗುಂಡಿಗೂ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ಆದ್ದರಿಂದ ಕೊಂಡ ಅಂಗಡಿಯಲ್ಲಿ ಮೊದಲು ವಿಚಾರಿಸಿ.