ಎರಡು ಗಂಟೆ ದೂರದ ಮನೆ

ಅವನು ಮನೆಗೆ ಬಂದ ಮೊದಲ ವಾರವೇ ಅಂಗಡಿಯಿಂದ ಒಂದು ಪ್ಯಾಕೆಟ್ ತಂದು, ಲೋಟಕ್ಕೆ ಸುರಿದು, ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ. "ಇದು ಹಾಲು!" ಅಂದ, ಯಾರೋ ಮೋಸ ಮಾಡಿದ ಹಾಗೆ.

ಪ್ಯಾಕೆಟ್ ಮೇಲೆ 'ಪೀಮ್' ಅಂತ ಬರೆದಿತ್ತು. ಎಸ್ಟೋನಿಯಾದ ಭಾಷೆಯಲ್ಲಿ ಪೀಮ್ ಅಂದ್ರೆ ಹಾಲು. ಅವನು ಫಿನ್‌ಲ್ಯಾಂಡಿನವನು. ಅವರ ಭಾಷೆಯಲ್ಲಿ 'ಪೀಮ್ಯಾ' ಅಂದ್ರೆ ಮಜ್ಜಿಗೆ! ಎರಡೂ ಅಕ್ಕ-ತಂಗಿ ಭಾಷೆಗಳು. ಅದಕ್ಕೇ ಎಡವಟ್ಟು. ತೆಲುಗಿನವರ 'ಪಾಲು' ನಮ್ಮ ಹಾಲು, ನಮ್ಮ 'ಪಾಲು' ಅಂದ್ರೆ ಆಸ್ತಿ ಜಗಳ. ಹಾಗೆ. ನಾನು ನಗುತ್ತಾ ಫ್ರಿಜ್ಜಿನಿಂದ ನನ್ನ ಮೊಸರು ತೆಗೆದು, ನೀರು, ಉಪ್ಪು, ಶುಂಠಿ ಹಾಕಿ ಕಡೆದು ಕೊಟ್ಟೆ. ಎರಡು ಲೋಟ ಕುಡಿದ. ನಮ್ಮ ಸ್ನೇಹ ಶುರುವಾಗಿದ್ದು ಮಜ್ಜಿಗೆಯಿಂದ.

ನಾನು ಕುಮಟಾ ಕಡೆಯವನು, ಕೆಲಸ ಎಸ್ಟೋನಿಯಾದ ರಾಜಧಾನಿ ತಾಲಿನ್‌ನಲ್ಲಿ. ದಿನವಿಡೀ ಕೋಡ್ ಬರೆಯೋದು, ಸಂಜೆ ಟ್ರಾಮ್ ಹತ್ತಿ ಕೊಪ್ಲಿ ಅನ್ನೋ ಬಡಾವಣೆಗೆ ವಾಪಸ್ ಬರೋದು. ಕೊಪ್ಲಿ ಸಮುದ್ರದೊಳಗೆ ಚಾಚಿಕೊಂಡ ಭೂಮಿ. ನಮ್ಮದು ಹಳೇ ಮರದ ಮನೆಯ ಮೇಲ್ಮಹಡಿ, ಎರಡು ರೂಮು, ಒಂದು ಅಡುಗೆಮನೆ. ಬಾಡಿಗೆ ಒಬ್ಬನಿಗೆ ಭಾರ ಅಂತ ಜೊತೆಗೊಬ್ಬರನ್ನು ಹುಡುಕುತ್ತಿದ್ದಾಗ ಸಿಕ್ಕಿದವನು ಈ ಹುಡುಗ. ವಯಸ್ಸು 22. ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್‌ನಲ್ಲಿ ಕಾನೂನು ಓದೋಕೆ ಬಂದಿದ್ದ. ಹೆಸರು ಬರೆಯಲ್ಲ, ಅವನಿಗೆ ಇಷ್ಟ ಆಗಲ್ಲ. ಬರೆಯೋಕೆ ಒಪ್ಪಿಗೆ ಮಾತ್ರ ಕೊಟ್ಟಿದ್ದಾನೆ.

ತಾಲಿನ್ ಮತ್ತು ಹೆಲ್ಸಿಂಕಿ ನಡುವೆ ಸುಮಾರು 80 ಕಿಲೋಮೀಟರ್ ಸಮುದ್ರ. ದೊಡ್ಡ ಹಡಗಿನಲ್ಲಿ ಎರಡು ಗಂಟೆ. ಅವನಿಗೆ ವೀಸಾ ಬೇಡ, ಐಡಿ ಕಾರ್ಡ್ ಸಾಕು. ನಾನು ಊರಿಗೆ ಹೋಗಬೇಕಂದ್ರೆ ಮೂರು ವಿಮಾನ, ಆಮೇಲೆ ರಾತ್ರಿ ಬಸ್ಸು. ಹಾಗಾಗಿ ಮೊದಮೊದಲು, ಇವನದ್ದೂ ಒಂದು ಪರದೇಶವಾಸವಾ ಅಂತ ಒಳಗೊಳಗೇ ಹೊಟ್ಟೆಕಿಚ್ಚು. ಬೆಂಗಳೂರಲ್ಲಿ ಎರಡು ಗಂಟೆಯಲ್ಲಿ ಸಿಲ್ಕ್ ಬೋರ್ಡ್ ದಾಟಿದ್ರೆ ಪುಣ್ಯ.

ಹಡಗುಗಳ ಕತೆ ಬೇರೆಯೇ. ಬಂದರಿನ ಪಕ್ಕ ಲಿನ್ನಹಾಲ್ ಅನ್ನೋ ದೈತ್ಯ ಕಾಂಕ್ರೀಟ್ ಕಟ್ಟಡ ಇದೆ. 1980ರ ಮಾಸ್ಕೋ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗಳು ತಾಲಿನ್‌ನಲ್ಲಿ ನಡೆದಾಗ ಕಟ್ಟಿದ್ದು. ಈಗ ಖಾಲಿ ಬಿದ್ದಿದೆ. ಅದರ ಮೆಟ್ಟಿಲುಗಳ ಮೇಲೆ ಕೂತು ಹಡಗು ಎಣಿಸೋದು ನಮ್ಮಿಬ್ಬರ ಭಾನುವಾರದ ಕೆಲಸ. ಎಸ್ಟೋನಿಯಾದವರು ಕಟ್ಟಡ ಕೆಲಸಕ್ಕೆ ಅಂತ ವಾರವಾರ ಹೆಲ್ಸಿಂಕಿಗೆ ಹೋಗ್ತಾರೆ. ಆ ಕಡೆಯವರು ಈ ಕಡೆಗೆ ಅಗ್ಗದ ಬಿಯರ್‌ಗೆ ಬರ್ತಾರೆ, ಕೈಗಾಡಿಯಲ್ಲಿ ಪೆಟ್ಟಿಗೆ ಪೆಟ್ಟಿಗೆ ಎಳ್ಕೊಂಡು ಹೋಗ್ತಾರೆ. ನಮ್ಮ ಕಡೆಯವರು ಗೋವಾ ಗಡಿ ದಾಟಿ ಬಂದ ಹಾಗೇ. ಇವನಿಗೂ ಮಾವನಿಂದ ಲಿಸ್ಟ್ ಬರ್ತಿತ್ತು. "ನಾನು ಓದೋಕೆ ಬಂದಿದ್ದೀನಿ ಅಂತ ಅವನೊಬ್ಬನಿಗೆ ಇನ್ನೂ ಗೊತ್ತಿಲ್ಲ" ಅನ್ನುತ್ತಿದ್ದ.

ಅವನ ಊರು ಹೆಲ್ಸಿಂಕಿ ಅಲ್ಲ ಅಂತ ನನಗೆ ಆಮೇಲೆ ಗೊತ್ತಾಯ್ತು. ಕುವೊಪಿಯೊ, ಪೂರ್ವದ ಸರೋವರಗಳ ಸೀಮೆ. ಹಡಗಿಳಿದ ಮೇಲೆ ಇನ್ನೂ ನಾಲ್ಕು ಗಂಟೆ ರೈಲು. ಸಮುದ್ರ ಅವನಿಗೂ ಹೊಸದೇ. ಅವನ ದೇಶದಲ್ಲಿ 1,88,000ದ ಹತ್ತಿರ ಕೆರೆಗಳಿವೆ. ಅವನ ಲೆಕ್ಕದಲ್ಲಿ ನೀರು ಅಂದ್ರೆ ಆಚೆ ದಡ ಕಾಣಬೇಕು. ನನ್ನ ಲೆಕ್ಕದಲ್ಲಿ ಸಮುದ್ರ ಅಂದ್ರೆ ವಾಸನೆ ಬರಬೇಕು. ಒಣಮೀನು, ಉಪ್ಪು, ಬಲೆ. ಇಲ್ಲಿನ ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ, ಉಬ್ಬರ-ಇಳಿತ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಚಳಿಗಾಲದಲ್ಲಿ ದಡದ ಹತ್ತಿರ ಹೆಪ್ಪುಗಟ್ಟುತ್ತೆ. ನಾವಿಬ್ಬರೂ ಸ್ತ್ರೋಮಿ ಬೀಚಿನಲ್ಲಿ ನಿಂತು 'ಇದು ಸರಿಯಿಲ್ಲ' ಅಂತ ದೂರುತ್ತಿದ್ದೆವು, ಬೇರೆ ಬೇರೆ ಕಾರಣಕ್ಕೆ.

ಅವನ ದಿನಚರಿ ಹೀಗೆ: ಬೆಳಿಗ್ಗೆ ಎದ್ದ ಕೂಡಲೇ ಕಾಫಿ. ನಮ್ಮ ಫಿಲ್ಟರ್ ಕಾಫಿ ಕುಡಿದು, "ಹಾಲಿಗೆ ಕಾಫಿ ತೋರಿಸಿದ್ದೀಯಾ" ಅಂದ. ಅವನದ್ದು ತಿಳಿ, ಕಪ್ಪು, ಲೋಟಗಟ್ಟಲೆ. ಕಪ್ಪಗಿನ ರೈ ಬ್ರೆಡ್ಡು, ಮೇಲೆ ಬೆಣ್ಣೆ, ಸೌತೆಕಾಯಿ. ಆಮೇಲೆ ಒಲೆ. ನಮ್ಮ ಮನೆಗೆ ಕಟ್ಟಿಗೆ ಒಲೆಯೇ ಹೀಟರ್. ಹೆಂಚು ಹಚ್ಚಿದ ಎತ್ತರದ ಒಲೆ, ಒಮ್ಮೆ ಕಾದರೆ ರಾತ್ರಿಯವರೆಗೆ ಬಿಸಿ ಹಿಡಿದಿಟ್ಟುಕೊಳ್ಳುತ್ತೆ. ಬಚ್ಚಲ ಹಂಡೆಗೆ ಬೆಂಕಿ ಹಾಕಿ ಬೆಳೆದವನು ಅಂತ ನನಗೆ ಜಂಬ ಇತ್ತು. ಅವನು ಮೊದಲ ದಿನವೇ ನನ್ನ ಕೈ ಹಿಡಿದು ನಿಲ್ಲಿಸಿದ. ಶಾಖ ಉಳಿಯಲಿ ಅಂತ ಹೊಗೆಕೊಳವೆಯ ಮುಚ್ಚಳವನ್ನು ನಾನು ಬೇಗ ಮುಚ್ಚೋಕೆ ಹೊರಟಿದ್ದೆ. ಕೆಂಡ ಪೂರ್ತಿ ಆರುವ ಮುಂಚೆ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ತುಂಬುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಸಾವು. ಇಷ್ಟನ್ನೂ ಅವನು ಎರಡು ವಾಕ್ಯದಲ್ಲಿ ಹೇಳಿ ಕಾಫಿಗೆ ವಾಪಸ್ ಹೋದ. ಮರುದಿನ ಒಂದು ಅಲಾರ್ಮ್ ತಂದು ಗೋಡೆಗೆ ಹಾಕಿದ.

ಶನಿವಾರ ಸೌನಾ. ಇದರ ಬಗ್ಗೆ ಎಷ್ಟು ಬೇಕಾದರೂ ಬರೆಯಬಹುದು. ಕಾದ ಕಲ್ಲಿನ ಮೇಲೆ ನೀರು ಹಾಕಿ, ಬರ್ಚ್ ಮರದ ಎಳೆ ಕೊಂಬೆಗಳ ಕಟ್ಟಿನಿಂದ ಮೈಗೆ ಬಡಿದುಕೊಳ್ಳೋದು. ಆ ಕಟ್ಟಿಗೆ ಪಶ್ಚಿಮ ಫಿನ್‌ಲ್ಯಾಂಡಿನವರು 'ವಿಹ್ತ' ಅಂತಾರೆ, ಪೂರ್ವದವರು 'ವಸ್ತ'. ಯಾವುದು ಸರಿ ಅಂತ ಅವರವರಲ್ಲೇ ಮುಗಿಯದ ವಾದ. ಇವನು ಪಕ್ಕಾ 'ವಸ್ತ' ಪಾರ್ಟಿ. ನನಗೆ ನೆನಪಾಗಿದ್ದು ದೀಪಾವಳಿಯ ಎಣ್ಣೆಸ್ನಾನ, ಹೊಗೆ ತುಂಬಿದ ಬಚ್ಚಲು, ಅಜ್ಜಿಯ ಗದರಿಕೆ. ಅವರ ಸೌನಾದಲ್ಲಿ ಗದರಿಕೆ ಇಲ್ಲ, ಮಾತೇ ಇಲ್ಲ. ಆಮೇಲೆ ಅವನು ಸಮುದ್ರಕ್ಕೆ ಇಳಿದ. ನವೆಂಬರ್ ತಿಂಗಳು ಸ್ವಾಮಿ! ನಾನು ದಡದಲ್ಲಿ ಟವೆಲ್ ಹಿಡಿದುಕೊಂಡು ನಿಂತಿದ್ದೆ.

ಆ ನವೆಂಬರ್ ಆದಮೇಲೆ ಅವನು ಸೌನಾಕ್ಕೆ ಬರೋದು ಬಿಟ್ಟ.

ಮೊದಲು ನಾನು ಗಮನಿಸಲಿಲ್ಲ. ರಿಲೀಸ್ ಇತ್ತು, ರಾತ್ರಿ ಎಂಟಕ್ಕೆ ಬರ್ತಿದ್ದೆ. ಇಲ್ಲಿ ಡಿಸೆಂಬರ್‌ನಲ್ಲಿ ಬೆಳಕು ದಿನಕ್ಕೆ ಆರು ಗಂಟೆ, ಅದೂ ಬೂದಿ ಬಣ್ಣದ್ದು. ಎಲ್ಲರೂ ಮಂಕಾಗೇ ಇರ್ತಾರೆ, ಎಲ್ಲರೂ ವಿಟಮಿನ್ ಡಿ ನುಂಗ್ತಾರೆ. ಆದರೆ ಕಾಫಿ ಲೋಟಗಳು ಅವನ ರೂಮಿನಿಂದ ವಾಪಸ್ ಬರ್ತಿರಲಿಲ್ಲ. ಒಲೆ ತಣ್ಣಗಿರ್ತಿತ್ತು. ನಾನು ಬೆಳಿಗ್ಗೆ ಹೊರಡುವಾಗಲೂ ಬಾಗಿಲು ಮುಚ್ಚಿರ್ತಿತ್ತು, ಬರುವಾಗಲೂ.

ಡಿಸೆಂಬರ್ 6 ಫಿನ್‌ಲ್ಯಾಂಡಿನ ಸ್ವಾತಂತ್ರ್ಯ ದಿನ. 1917ರಲ್ಲಿ ರಷ್ಯಾದಿಂದ ಬಿಡುಗಡೆ ಆಗಿದ್ದು. ಅವತ್ತು ಸಂಜೆ ಕಿಟಕಿಯಲ್ಲಿ ಎರಡು ಮೇಣದಬತ್ತಿ ಹಚ್ಚಿಡೋದು ಅವರ ಪದ್ಧತಿ. ನಾನು ಬಂದಾಗ ಅಡುಗೆಮನೆ ಕಿಟಕಿಯಲ್ಲಿ ಎರಡು ಬತ್ತಿ ಉರೀತಿದ್ದವು. ಲ್ಯಾಪ್‌ಟಾಪ್‌ನಲ್ಲಿ ಅವರ ರಾಷ್ಟ್ರಪತಿ ಸಾಲಾಗಿ ಬರುವ ಅತಿಥಿಗಳ ಕೈ ಕುಲುಕುತ್ತಿದ್ದರು. ಗಂಟೆಗಟ್ಟಲೆ ಅದೇ. ಇಡೀ ದೇಶ ಕೂತು ನೋಡುತ್ತಂತೆ. ರಾಷ್ಟ್ರಗೀತೆ ಬಂತು. ಎಸ್ಟೋನಿಯಾದ್ದಲ್ವಾ ಇದು ಅಂದೆ. ಎರಡು ದೇಶಕ್ಕೂ ಒಂದೇ ರಾಗ, ಫ್ರೆಡ್ರಿಕ್ ಪಾಸಿಯುಸ್ ಕಟ್ಟಿದ್ದು, ಸಾಹಿತ್ಯ ಮಾತ್ರ ಬೇರೆ ಅಂತ ಹೇಳಿದ. ಆಮೇಲೆ ಅದೇ ದನಿಯಲ್ಲಿ, ಸ್ಕ್ರೀನ್ ನೋಡ್ತಾನೇ, "ಅಕ್ಟೋಬರ್‌ನಿಂದ ನಾನು ಕ್ಲಾಸಿಗೆ ಹೋಗಿಲ್ಲ" ಅಂದ.

ನಾನೇನೂ ಹೇಳಲಿಲ್ಲ. ಅಷ್ಟು ದಿನ ಅವನ ಜೊತೆ ಇದ್ದು ಸುಮ್ಮನಿರೋದು ಸ್ವಲ್ಪ ಕಲಿತಿದ್ದೆ.

ವಿಷಯ ಬರೀ ಹಾಜರಿಯದ್ದಲ್ಲ. ಫಿನ್‌ಲ್ಯಾಂಡಿನಲ್ಲಿ 'ಕೇಲಾ' ಅನ್ನೋ ಸರ್ಕಾರಿ ಸಂಸ್ಥೆ ವಿದ್ಯಾರ್ಥಿಗಳಿಗೆ ತಿಂಗಳ ಸಹಾಯಧನ ಕೊಡುತ್ತೆ, ಸಾಲಕ್ಕೆ ಸರ್ಕಾರದ ಖಾತರಿಯೂ ಇದೆ. ಹೊರದೇಶದಲ್ಲಿ ಓದಿದರೂ ಸಿಗುತ್ತೆ. ಬದಲಿಗೆ ಓದು ಮುಂದುವರೀಬೇಕು: ಸಹಾಯ ಪಡೆದ ಪ್ರತಿ ತಿಂಗಳಿಗೆ ಸರಾಸರಿ 5 ಕ್ರೆಡಿಟ್. ಒಂಬತ್ತು ತಿಂಗಳಿಗೆ 45. ಅವನ ಮೊದಲ ಸೆಮಿಸ್ಟರ್‌ನಲ್ಲಿ ಒಂದೇ ಒಂದು ಕೋರ್ಸ್ ಪಾಸಾಗುವ ಹಂತದಲ್ಲಿತ್ತು, 6 ಕ್ರೆಡಿಟ್. ಮನೆಯಲ್ಲಿ ಅಮ್ಮ ಒಬ್ಬರೇ. ಫೋನ್ ಮಾಡಿದಾಗಲೆಲ್ಲ 'ಎಲ್ಲಾ ಚೆನ್ನಾಗಿದೆ' ಅಂತಿದ್ದನಂತೆ. ಎರಡು ಗಂಟೆ ದೂರ ಇದ್ದೂ ಮೂರು ತಿಂಗಳಿಂದ ಊರಿಗೆ ಹೋಗಿರಲಿಲ್ಲ. ಹೋದರೆ ಮುಖ ನೋಡಿ ಕಂಡುಹಿಡೀತಾರಲ್ಲ.

ಇಲ್ಲಿ ನನ್ನದೊಂದು ಹಳೇ ಕತೆ ಹೇಳಬೇಕು. ಇಂಜಿನಿಯರಿಂಗ್ ಮೂರನೇ ಸೆಮ್‌ನಲ್ಲಿ ನನಗೆ ಎಂ-ತ್ರೀ ಬ್ಯಾಕ್ ಆಗಿತ್ತು. ಅಪ್ಪನಿಗೆ ಆರು ತಿಂಗಳು ಹೇಳಲಿಲ್ಲ. ಹಬ್ಬಕ್ಕೆ ಊರಿಗೆ ಹೋಗದೆ, ಪ್ರಾಜೆಕ್ಟ್ ಇದೆ ಅಂತ ಹಾಸ್ಟೆಲ್‌ನಲ್ಲೇ ಕೂತು ಮ್ಯಾಗಿ ತಿಂದೆ. ಕೊನೆಗೆ ಹೇಳಿದಾಗ ಅಪ್ಪ, "ಊಟ ಮಾಡಿದ್ಯಾ?" ಅಂತ ಕೇಳಿದ್ರು, ಅಷ್ಟೇ. ಈ ಕತೆಯನ್ನ ಅವನಿಗೆ ಹೇಳಿದೆ. ಅವನು "ಎಂ-ತ್ರೀ ಅಂದ್ರೇನು?" ಅಂದ. ಫೋರಿಯರ್ ಸೀರೀಸ್ ಅಂದೆ. "ಓ, ಅದು ಕಷ್ಟ" ಅಂದ. ಅವನು ಸುಮಾರು ಒಂದು ವಾರದ ನಂತರ ನಕ್ಕಿದ್ದು ಆಗಲೇ.

ಮರುದಿನ ಸಂಜೆ ಅಡುಗೆಮನೆಯಲ್ಲಿ ನಿಂತು ಅಮ್ಮನಿಗೆ ಫೋನ್ ಮಾಡಿದ. ನನ್ನನ್ನು ಹೊರಗೆ ಹೋಗು ಅನ್ನಲಿಲ್ಲ. ನಾನು ಈರುಳ್ಳಿ ಹೆಚ್ಚುತ್ತಾ ಇದ್ದೆ. ಭಾಷೆ ತಿಳಿಯದಿದ್ದರೂ 'ಯೋ' ಅನ್ನೋದು ಗೊತ್ತಾಗ್ತಿತ್ತು, ಹೂಂ ಅಂದ ಹಾಗೆ. ಅದನ್ನ ಅವರು ಕೆಲವೊಮ್ಮೆ ಉಸಿರು ಒಳಗೆಳೆದುಕೊಂಡು ಹೇಳ್ತಾರೆ. ಮೊದಲ ಸಲ ಕೇಳಿದರೆ ಬೆಚ್ಚಿಬಿದ್ದರು ಅನ್ಸುತ್ತೆ. ಅವತ್ತು ಇಪ್ಪತ್ತು ನಿಮಿಷ ಬರೀ ಆ ಒಳಗೆಳೆದ 'ಯೋ' ಕೇಳಿಸಿತು. ಫೋನ್ ಇಟ್ಟ ಮೇಲೆ, "ಶನಿವಾರ ಬರ್ತಾಳೆ" ಅಂದ.

ಬಂದರು. ಬೆಳಗಿನ ರೈಲು, ಮಧ್ಯಾಹ್ನದ ಹಡಗು. ನಮ್ಮ ಅಮ್ಮನಾಗಿದ್ದರೆ ಬಾಗಿಲಲ್ಲೇ ಅತ್ತು, ಬೈದು, ಎಷ್ಟು ಸಣ್ಣಗಾಗಿದ್ದೀ ಅನ್ನುತ್ತಿದ್ದರು. ಇವರು ಬೂಟು ಬಿಚ್ಚಿ ಜೋಡಿಸಿಟ್ಟು, ಮಗನ ತೋಳನ್ನೊಮ್ಮೆ ಹಿಡಿದು, ಒಲೆ ಮುಟ್ಟಿ ನೋಡಿ, ಕಟ್ಟಿಗೆ ಎಲ್ಲಿ ಅಂತ ಕೇಳಿದರು. ಆಮೇಲೆ ಚೀಲದಿಂದ ಕರೇಲಿಯಾದ ಪೀರಕ್ಕ ತೆಗೆದರು. ರೈ ಹಿಟ್ಟಿನ ತೆಳು ದೋಣಿ, ಒಳಗೆ ಹಾಲಲ್ಲಿ ಬೆಂದ ಅನ್ನ. ಮೇಲೆ ಬೆಣ್ಣೆ ಜೊತೆ ಕಲಸಿದ ಬೇಯಿಸಿದ ಮೊಟ್ಟೆ ಹಚ್ಚಿ ತಿನ್ನೋದು. ಹಿಟ್ಟಿನೊಳಗೆ ಅನ್ನ! ನಾನು ನಾಲ್ಕು ತಿಂದೆ. ನಾನು ಮಾಡಿದ ಶುಂಠಿ ತಂಬುಳಿಯನ್ನ ಅವರು ಪಾಯಸದ ಹಾಗೆ ಚಮಚದಲ್ಲಿ ತಿಂದರು.

ತಾಯಿ-ಮಗ ರಾತ್ರಿ ಬಹಳ ಹೊತ್ತು ಮಾತಾಡಿದರು, ನಾನು ನನ್ನ ರೂಮಿಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡೆ. ಭಾನುವಾರ ಬಂದರಿಗೆ ಬಿಡಲು ಮೂವರೂ ಹೊರಟಾಗ, ಆಕೆ ನನ್ನ ಜಾಕೆಟ್ ಕಡೆ ನೋಡಿ ತಲೆ ಅಲ್ಲಾಡಿಸಿದರು. ಬ್ಯಾಗಿನಿಂದ ಬೆಳಕಿಗೆ ಹೊಳೆಯುವ ಒಂದು ಬಿಲ್ಲೆ ತೆಗೆದು ಪಿನ್ನಿನಿಂದ ನನ್ನ ತೋಳಿನ ಬದಿಗೆ ಸಿಕ್ಕಿಸಿದರು. ಇಲ್ಲಿ ಕತ್ತಲಲ್ಲಿ ನಡೆಯುವವರು ಅದನ್ನ ಹಾಕಲೇಬೇಕು, ಕಾನೂನೇ ಇದೆ. ಕಾರಿನವರಿಗೆ ಕಾಣಲಿ ಅಂತ. ಒಂದೂವರೆ ವರ್ಷ ನಾನು ಹಾಗೇ ಓಡಾಡಿದ್ದೆ. ಮಗನ ಮೂಲಕ ಏನೋ ಹೇಳಿಸಿದರು. ಅವನು ಮುಜುಗರದಿಂದ ಅನುವಾದಿಸಿದ: "ನಿನ್ನ ಅಮ್ಮ ದೂರ ಇದ್ದಾಳೆ, ಅದಕ್ಕೆ ನಾನು ಹಾಕಿದೆ ಅಂತಿದ್ದಾಳೆ."

ನನಗೆ ಗಂಟಲು ಕಟ್ಟಿತು. ಚಳಿ ಅಂತ ಹೇಳಿ ಮಫ್ಲರ್ ಎಳ್ಕೊಂಡೆ.

ಕ್ರಿಸ್ಮಸ್‌ಗೆ ಅವನು ಊರಿಗೆ ಹೋದ. ಜನವರಿಯಲ್ಲಿ ಬಂದವನು ವಿಶ್ವವಿದ್ಯಾಲಯದ ಆಪ್ತಸಲಹೆಗಾರ್ತಿಯನ್ನು ನೋಡತೊಡಗಿದ, ಹದಿನೈದು ದಿನಕ್ಕೊಮ್ಮೆ. ಫ್ರಿಜ್ ಮೇಲೆ ನಾವು ಸ್ಟಿಕಿ ನೋಟು ಹಚ್ಚಿ ಸ್ಪ್ರಿಂಟ್ ಬೋರ್ಡ್ ಮಾಡಿದೆವು. ಮಾಡಬೇಕಾದ್ದು, ಮಾಡ್ತಿರೋದು, ಮುಗಿದಿದ್ದು. ನನ್ನ ಆಫೀಸಿನ ಬೋರ್ಡಿಗಿಂತ ಅದೇ ಶಿಸ್ತಾಗಿ ನಡೀತು. ಬೆಳಿಗ್ಗೆ ಒಲೆಗೆ ಬೆಂಕಿ ಹಾಕೋದೂ ಅದರಲ್ಲೊಂದು ಟಾಸ್ಕ್. ಎಲ್ಲಾ ದಿನವೂ ಆಗಲಿಲ್ಲ. ಫೆಬ್ರವರಿಯಲ್ಲಿ ಮತ್ತೆ ಒಂದು ವಾರ ಬಾಗಿಲು ಮುಚ್ಚಿತ್ತು. ಆ ಸಲ ನಾನು ಕಾಯಲಿಲ್ಲ. ಬಾಗಿಲು ತಟ್ಟಿ, ಜಾಕೆಟ್ ಕೊಟ್ಟು, ಹೆಪ್ಪುಗಟ್ಟಿದ ಸಮುದ್ರದ ದಡಕ್ಕೆ ಎಳ್ಕೊಂಡು ಹೋದೆ.

ಮೇ 1 ಅವರಿಗೆ ವಿದ್ಯಾರ್ಥಿಗಳ ದೊಡ್ಡ ಹಬ್ಬ, 'ವಪ್ಪು'. ಪ್ಯಾಚುಗಳನ್ನು ಹೊಲಿದ ಬಣ್ಣದ ಮೇಲಂಗಿ, ಬಿಳಿ ಟೋಪಿ, ನಿಂಬೆ ಹಾಕಿ ಹುದುಗಿಸಿದ 'ಸಿಮ' ಅನ್ನೋ ಪಾನೀಯ. ಸಿಮ ನಮ್ಮ ಅಡುಗೆಮನೆಯಲ್ಲೇ ತಯಾರಾಯಿತು. ಬಾಟಲಿಯೊಳಗಿನ ದ್ರಾಕ್ಷಿ ಮೇಲೆ ತೇಲಿದರೆ ಕುಡಿಯಲು ಸಿದ್ಧ ಅಂತ ಲೆಕ್ಕ. ಒಂದು ಬಾಟಲಿ ಮುಚ್ಚಳ ರಾತ್ರಿ ಎರಡಕ್ಕೆ ಹಾರಿತು. ನಾನು ಅಲಾರ್ಮ್ ಅಂದ್ಕೊಂಡು ಒಲೆ ಹತ್ತಿರ ಓಡಿದೆ.

ಜೂನ್‌ನಲ್ಲಿ ಲೆಕ್ಕ ಹಾಕಿದೆವು. ಮೊದಲ 6, ಮರುಪರೀಕ್ಷೆಯಿಂದ 12, ಎರಡನೇ ಸೆಮಿಸ್ಟರ್‌ನ 24. ಒಟ್ಟು 42. ಮೂರು ಕಮ್ಮಿ! ಯಾಕೆ ಕಡಿಮೆಯಾಯ್ತು ಅಂತ ಕೇಲಾಗೆ ವಿವರಣೆ ಬರೆಯೋ ಅವಕಾಶ ಇದೆ. ಸಲಹೆಗಾರ್ತಿಯ ಪತ್ರವನ್ನೂ ಇಟ್ಟುಕೊಂಡಿದ್ದಾನೆ. ಉತ್ತರ ಏನು ಬರುತ್ತೋ ನೋಡಬೇಕು. ಹಣ ವಾಪಸ್ ಕಟ್ಟಬೇಕಾಗಿ ಬಂದರೆ ಬೇಸಿಗೆ ಕೆಲಸದ ಸಂಬಳ ಇದೆ ಅಂತಾನೆ. ಈಗ ಊರಲ್ಲಿ ಒಂದು ಮರದ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದಾನೆ. ಸೆಪ್ಟೆಂಬರ್ ಬಾಡಿಗೆಯಲ್ಲಿ ತನ್ನ ಪಾಲು ಈಗಲೇ ಕಳಿಸಿದ್ದಾನೆ.

ಹೋಗುವಾಗ ಫ್ರಿಜ್ಜಿನಲ್ಲಿ ಒಂದು ಬಟ್ಟಲು ಬಿಟ್ಟು ಹೋದ. 'ವೀಲಿ' ಅಂತ, ಅವರ ಮೊಸರು. ಹಳೆಯದರಲ್ಲಿ ಒಂದು ಚಮಚ ಹಾಲಿಗೆ ಹಾಕಿದರೆ ಹೊಸದು ಆಗುತ್ತೆ. ಹೆಪ್ಪು! ಮೇಲೆ ಚೀಟಿ ಅಂಟಿಸಿದ್ದ: 'ಸಾಯಿಸಬೇಡ, ವಾರಕ್ಕೊಮ್ಮೆ ಹೊಸ ಹಾಲು ಹಾಕು.' ನಿನ್ನೆ ರಾತ್ರಿ ಹಾಕಿಟ್ಟಿದ್ದೆ. ಬೆಳಿಗ್ಗೆ ಚಮಚ ಎತ್ತಿದರೆ ದಾರದ ಹಾಗೆ ಉದ್ದಕ್ಕೆ ಎಳೆ ಬಂತು. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ.

"ತಮಾ, ಅದು ಹಾಳಾಗಿದೆ, ಚೆಲ್ಲು" ಅಂದಳು.

ಇಲ್ಲಮ್ಮ, ಅದು ಇರೋದೇ ಹಾಗೆ ಅಂದೆ.